ಮುಂದಿನ ಚಾಪೆ

ಹಾಡು ಕೇಳುವುದಕ್ಕೆ ಎಷ್ಟು ದೂರದಲ್ಲಿ ಕೂಡಬೇಕು ಎಂದು ಯಾರಾದರೂ ಕೇಳಿದರೆ, ಹಾಡುವವರ ಕೊರಳಿನ ನರ ಕಾಣುವಷ್ಟು ದೂರದಲ್ಲಿ ಎಂದು ಹೇಳುತ್ತೇನೆ. ಅದಕ್ಕಿಂತ ಹಿಂದೆ ಕುಳಿತರೂ ಕೇಳಿಸುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದ ಹಾಗೆ. ವಾಸನೆ ನಮಗೆ, ಊಟ ಅವರಿಗೆ.

ಇಷ್ಟು ಗಟ್ಟಿಯಾಗಿ ಹೇಳುವ ನಾನು ಇಪ್ಪತ್ತೆಂಟನೆಯ ವಯಸ್ಸಿನವರೆಗೆ ಬರೀ ಆ ವಾಸನೆಯ ಮೇಲೆಯೇ ಬದುಕಿದವಳು.

ನಮ್ಮೂರು ಬಾದಾಮಿ. ಹೊರಗಿನವರು ಇಲ್ಲಿಗೆ ಗುಹೆ ನೋಡಲು ಬರುತ್ತಾರೆ. ಹಗಲು ಬಂದು ಹಗಲೇ ಹೋಗುವುದರಿಂದ ಊರಿನ ಅರ್ಧ ಸೊಗಸು ಅವರಿಗೆ ಗೊತ್ತಾಗುವುದಿಲ್ಲ. ಅಗಸ್ತ್ಯತೀರ್ಥದ ಎರಡೂ ಬದಿಗೆ ಎದ್ದು ನಿಂತ ಕೆಂಪು ಬಂಡೆಗಳಿವೆಯಲ್ಲ, ರಾತ್ರಿಯಾದ ಮೇಲೆ ಅವು ಮಾತನಾಡುತ್ತವೆ. ಈ ದಂಡೆಯಲ್ಲಿ ಯಾರೋ ಎಮ್ಮೆಯನ್ನು ಕೂಗಿದರೆ ಆಚೆಯ ಬಂಡೆಯೂ ಒಮ್ಮೆ ಕೂಗುತ್ತದೆ. ನನ್ನ ತವರುಮನೆ ಕೆರೆಯ ಹತ್ತಿರದ ಓಣಿಯಲ್ಲಿತ್ತು. ಶ್ರಾವಣದಲ್ಲಿ ಕೆರೆಯ ದಂಡೆಯ ಗುಡಿಕಟ್ಟೆಯ ಮುಂದೆ ಗೀಗೀ ಮೇಳ ಕೂಡಿತೆಂದರೆ ನಮಗೆ ಪ್ರತಿ ಪದವೂ ಎರಡು ಸಲ ಕೇಳುತ್ತಿತ್ತು. ಒಮ್ಮೆ ಹಾಡುವವರಿಂದ, ಒಮ್ಮೆ ಬಂಡೆಯಿಂದ. ಬಂಡೆಗೂ ಒಂದು ಹಿಮ್ಮೇಳವಿದೆ ಎಂದೇ ನಾವು ಹುಡುಗರು ತಿಳಿದಿದ್ದೆವು.

ಕೇಳುತ್ತಿದ್ದುದು ಮಾತ್ರ ಮಾಳಿಗೆಯ ಮೇಲೆ ಮಲಗಿಕೊಂಡು. ಮನೆಯ ಗಂಡಸರು ಹೆಗಲಿಗೆ ಕಂಬಳಿ ಹಾಕಿಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಹೋಗಬಹುದಿತ್ತು, ಅದು ದೇವರ ಆಟ. ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಕ್ಕೂ ಹೋಗಬಹುದಿತ್ತು, ಅಲ್ಲಿ ಹೆಂಗಸರಿಗೆ ಬೇರೆ ಜಾಗವಿತ್ತು. ಗೀಗೀ ಪದಕ್ಕೆ ಮಾತ್ರ ಬೇಡ. ಯಾಕೆ ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. "ಅಲ್ಲಿ ಹಾಡಾಕಿ ಎಂಥಾಕಿನೋ ಏನೋ, ನಮ್ಮಂಥವರ ಹೆಣ್ಣುಮಕ್ಕಳು ಹೋಗೂ ಜಾಗಾ ಅಲ್ಲ ಅದು" ಎಂದರು. ಅದೇ ಅಪ್ಪ ಬೆಳಗಿನ ಜಾವ ಬಂದು ಹಲ್ಲುಜ್ಜುವಾಗ ಆಕೆ ಹಾಡಿದ ಧಾಟಿಯನ್ನೇ ಗುನುಗುತ್ತಿದ್ದರು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಮೈಸೂರು ಸೀಮೆಯ ಓದುಗ ಗೆಳತಿಯರಿಗಾಗಿ ಎರಡು ಮಾತು. ಗೀಗೀ ಪದಕ್ಕೆ ಬೇಕಾದದ್ದು ಒಂದು ದಪ್ಪು, ಒಂದು ತುಂತುಣಿ, ಒಂದು ಜೋಡಿ ತಾಳ. ಮುಂದಿನವರು ನುಡಿ ಹೇಳಿ ಬಿಟ್ಟ ಕೂಡಲೇ ಹಿಂದಿನವರು ಗೀ ಗೀ ಎಂದು ಎತ್ತಿಕೊಳ್ಳುತ್ತಾರೆ. ಅದರಿಂದಲೇ ಆ ಹೆಸರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಓದು ಬಾರದ ಹಳ್ಳಿಗರಿಗೆ ಗಾಂಧೀಜಿಯ ಸುದ್ದಿ ಮುಟ್ಟಿಸಿದವರಲ್ಲಿ ಈ ಮೇಳದವರೂ ಇದ್ದರು. ಎರಡು ಮೇಳಗಳು ಎದುರುಬದುರಾಗಿ ಕೂತರೆ ಅದು ಹರದೇಶಿ-ನಾಗೇಶಿ. ಹರದೇಶಿಯವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಪುರಾಣದಿಂದ ಒಂದು ಸವಾಲು, ಅದಕ್ಕೊಂದು ಜವಾಬು, ಹೀಗೆ ಬೆಳಗಾಗುವ ತನಕ ನಡೆಯುತ್ತದೆ. ನಾಗೇಶಿಯಲ್ಲಿ ಮುಂದೆ ನಿಂತು ಹಾಡುವವಳು ಸಾಮಾನ್ಯವಾಗಿ ಹೆಣ್ಣುಮಗಳೇ.

ಈಗ ವಿಚಾರ ಮಾಡಿ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ರಾತ್ರಿಯೆಲ್ಲ ವಾದ. ಕೇಳಲು ಕುಳಿತವರೆಲ್ಲ ಗಂಡಸರು! ಯಾರ ಪರವಾಗಿ ಆಕೆ ಕೊರಳು ಹರಿದುಕೊಳ್ಳುತ್ತಿದ್ದಳೋ ಅವರೆಲ್ಲ ಮಾಳಿಗೆಗಳ ಮೇಲೆ ಹೊದಿಕೆಯೊಳಗೆ ಕಿವಿ ತೆರೆದುಕೊಂಡು ಮಲಗಿದ್ದರು. ನನ್ನ ಅಜ್ಜಿ ಆಕೆ ಒಂದು ಒಳ್ಳೆಯ ಜವಾಬು ಕೊಟ್ಟಾಗ ಕತ್ತಲಲ್ಲೇ "ಭಲೆ ಮಗಳ" ಎನ್ನುತ್ತಿದ್ದಳು. ಕೆಳಗೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ.

ನಾನು ಬಿ.ಎ., ಬಿ.ಎಡ್. ಮುಗಿಸಿ, ಮದುವೆಯಾಗಿ, 1993ರಲ್ಲಿ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದೆ. 1996ರ ಶ್ರಾವಣದ ಹೊತ್ತಿಗೆ ಒಂಬತ್ತನೆಯ ಇಯತ್ತೆಗೆ ತ್ರಿಪದಿಯ ಪಾಠ ಮಾಡುತ್ತಿದ್ದೆ. ಆ ಪಾಠವೆಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ನಮ್ಮೂರ ಕೆರೆಯ ಮೇಲಿನ ಬಂಡೆಯಲ್ಲಿಯೇ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದು. ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಅದರಲ್ಲಿವೆ. ಅದೇ ಮೂರು ಸಾಲಿನ ಪದ್ಯ ಬೀಸುವ ಕಲ್ಲಿನ ಮುಂದೆ ಹೆಂಗಸರ ಬಾಯಲ್ಲಿ ನೂರಾರು ವರ್ಷ ಉಳಿದುಕೊಂಡು ಬಂದುದನ್ನೂ, ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದ್ದನ್ನೂ ಹೇಳಿದೆ. ಗರತಿ ಎಂದರೆ ಮನೆತನಸ್ಥ ಹೆಣ್ಣುಮಗಳು ಎಂದು ಅರ್ಥವನ್ನೂ ಬಿಡಿಸಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಅಕ್ಕಾರ, ಮೇಳದಾಗ ಹಾಡಾಕಿ ಗರತಿ ಆಗ್ತಾಳೇನ್ರಿ?" ಎಂದ. ಕ್ಲಾಸು ನಕ್ಕಿತು. ಅರ್ಧದಷ್ಟು ತಲೆಗಳು ಒಂದೇ ಕಡೆಗೆ ತಿರುಗಿದವು. ಕಿಟಕಿಯ ಹತ್ತಿರ ಕುಳಿತ ಒಬ್ಬ ಹುಡುಗಿ ಪುಸ್ತಕದೊಳಗೆ ಮುಖ ಇಟ್ಟಿದ್ದಳು. ಅವಳ ತಾಯಿ ನಾಗೇಶಿ ಹಾಡುವವಳೆಂದು ನನಗೆ ಆಗ ಗೊತ್ತಾಯಿತು. ಹುಡುಗನಿಗೆ ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಗಂಟೆ ಹೊಡೆದ ಮೇಲೆ ಆ ಹುಡುಗಿ ವರಾಂಡದಲ್ಲಿ ನನಗಾಗಿ ನಿಂತಿದ್ದಳು. ಅಳುತ್ತಿರಲಿಲ್ಲ.

"ಅಕ್ಕಾರ, ನೀವು ನಮ್ಮವ್ವನ ಹಾಡು ಒಮ್ಮೆರ ಕೇಳೀರೇನ್ರಿ?"

"ಕೇಳೀನಲ್ಲ. ಸಣ್ಣಾಕಿದ್ದಾಗಿಂದ ಕೇಳೀನಿ, ಮಾಳಿಗಿ ಮ್ಯಾಲಿಂದ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಕೇಳಿದ್ದಲ್ಲ ಬಿಡ್ರಿ" ಎಂದು ಹೋಗಿಬಿಟ್ಟಳು.

ಹದಿನಾಲ್ಕು ವರ್ಷದ ಹುಡುಗಿ. ನನ್ನ ಬಿ.ಎಡ್. ಪದವಿಯನ್ನು ಯಾರೂ ಅಷ್ಟು ಮೆಲ್ಲಗೆ ಕಿತ್ತುಕೊಂಡಿರಲಿಲ್ಲ. ಸತ್ತವರ ಹಾಡನ್ನು ಪುಸ್ತಕದಿಂದ ಓದಿ ಕಣ್ಣು ತೇವ ಮಾಡಿಕೊಳ್ಳುವ ನಾನು, ಬದುಕಿದ್ದವಳ ಹಾಡಿಗೆ ಇನ್ನೂರು ಹೆಜ್ಜೆ ನಡೆದುಹೋಗಿರಲಿಲ್ಲ.

ಆ ಶ್ರಾವಣದ ಕಡೆಯ ಸೋಮವಾರ ಕೆರೆಯ ದಂಡೆಯ ಗುಡಿಕಟ್ಟೆಗೆ ಎರಡು ಮೇಳ ಬರುವುದಿತ್ತು. ಮನೆಯಲ್ಲಿ ಹೇಳಿದೆ. ನನ್ನವರು ಪತ್ರಿಕೆಯಿಂದ ತಲೆ ಎತ್ತಿ, "ನಾನೂ ಬರ್ತೀನಿ. ಆದ್ರ ಹಿಂದ ಚಾದಂಗಡಿ ಹತ್ರ ನಿಂದರತೀನಿ" ಎಂದರು. ಧೈರ್ಯ ಕೊಟ್ಟರೋ, ಕೈಬಿಟ್ಟರೋ ಎಂಬುದು ನನಗೆ ಇನ್ನೂ ಇತ್ಯರ್ಥವಾಗಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಬಾಗಿಲು ದಾಟುವಾಗ, "ಕೂಸು ಎದ್ರ ನಾ ನೋಡ್ಕೋತೀನಿ. ಚಳಿ ಐತಿ, ಇದನ್ನ ತಗೋ" ಎಂದು ತಮ್ಮ ಶಾಲು ಕೊಟ್ಟರು. ಆಗ ನನ್ನ ಮಗಳಿಗೆ ಒಂದು ವರ್ಷ.

ಬಿದಿರಿಗೆ ಕಟ್ಟಿದ ಎರಡು ಟ್ಯೂಬಲೈಟು, ಒಂದು ಮೈಕು, ನೆಲಕ್ಕೆ ಚಾಪೆ. ಗುಡಿಯ ಗೋಡೆಗೆ ಆತು ನಾಲ್ಕು ಮಂದಿ ಮುದುಕಿಯರು ನಿಂತಿದ್ದರು. ನಾನೂ ಅವರೊಳಗೆ ಒಬ್ಬಳಾಗಿ ನಿಂತೆ. ಊರ ಹಿರಿಯರೊಬ್ಬರು ಗುರುತು ಹಿಡಿದು, "ಏ, ಸಾಲಿ ಅಕ್ಕಾರು ಬಂದಾರ, ಜಾಗಾ ಮಾಡ್ರಿ" ಎಂದು ಕೂಗಿದರು. ಇಡೀ ಸಭೆ ತಿರುಗಿ ನೋಡಿತು. ಓಡಿಹೋಗೋಣವೆನ್ನಿಸಿತು. ಕಾಲುಗಳು ಮಾತ್ರ ಯಾಕೋ ಮುಂದೆ ನಡೆದವು. ನನ್ನ ಹಿಂದೆ ಆ ನಾಲ್ಕು ಮಂದಿ ಮುದುಕಿಯರೂ ಬಂದರು. ಮುಂದಿನ ಚಾಪೆಯಲ್ಲಿ ನಾವು ಐದು ಮಂದಿ ಕುಳಿತೆವು.

ಮಾಳಿಗೆಯ ಮೇಲಿನಿಂದ ಕೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ! ದಪ್ಪಿನ ಚರ್ಮ ತಂಪಿಗೆ ಸಡಿಲಾಗಿತ್ತೆಂದು ಒಬ್ಬ ಕಾಗದದ ಉರಿ ಮಾಡಿ ಅದನ್ನು ಕಾಯಿಸುತ್ತಿದ್ದ. ಅದರ ಕಮಟು ವಾಸನೆ. ತುಂತುಣಿಯ ಒಂದೇ ತಂತಿ ಮಿಡಿದಾಗ ಹಲ್ಲಿನ ಬುಡದಲ್ಲಿ ಜುಮ್ಮೆನ್ನುತ್ತಿತ್ತು. ಆಕೆ ಎದ್ದು ನಿಂತಳು. ಹಳೆಯದಾದ ಇಳಕಲ್ಲ ಸೀರೆ, ಒಡೆದ ಹಿಮ್ಮಡಿ. ಹಗಲು ಹೊಲದಲ್ಲಿ ಕಳೆ ತೆಗೆದ ಕೈಯನ್ನು ಕಿವಿಗೆ ಆನಿಸಿ ಒಂದು ದನಿ ಎತ್ತಿದಳು ನೋಡಿ, ಕೊರಳಿನ ನರ ಬೆರಳಿನಷ್ಟು ದಪ್ಪ ಉಬ್ಬಿತು. ಆ ದನಿ ಕಿವಿಗಲ್ಲ, ನೇರ ಎದೆಗೂಡಿಗೆ ಬಂತು. ಅಪ್ಪ ಹೇಳಿದ "ಎಂಥಾಕಿನೋ" ಎಂಬ ಹೆಂಗಸನ್ನು ನಾನು ಹುಡುಕಿದೆ. ಅಲ್ಲಿ ಇದ್ದವಳು ಕೆಲಸದಲ್ಲಿ ನುರಿತ ಒಬ್ಬ ದುಡಿಯುವ ಹೆಂಗಸು. ನನ್ನಂತೆಯೇ, ಜನರ ಮುಂದೆ ನಿಂತು ಕಲಿಸುವವಳು.

ಎದುರಿನ ಹರದೇಶಿಯವನು ಚುರುಕಿನವನು. ರಾಮ, ಹರಿಶ್ಚಂದ್ರ ಎಲ್ಲರನ್ನೂ ತಂದು ಸಾಲಾಗಿ ನಿಲ್ಲಿಸಿದ. ಆಕೆ ಒಬ್ಬೊಬ್ಬರ ತಾಯಿಯ ಹೆಸರು ಕೇಳುತ್ತ ಬಂದಳು. ನಡುರಾತ್ರಿ ದಾಟಿತ್ತು. ಆಗ ಆಕೆಯ ಕಣ್ಣು ನನ್ನ ಮೇಲೆ ಬಿತ್ತು. ನುಡಿ ನಿಲ್ಲಿಸಿ ಮಾತಿಗೆ ಇಳಿದಳು. "ನಿನ್ನ ಮಗನಿಗೆ ಅಕ್ಷರ ಕಲಿಸಾಕಿ ಇಲ್ಲೇ ಮುಂದ ಕುಂತಾಳ. ಗಂಡು ಹೆಚ್ಚಾದ್ರ ಆ ಅಕ್ಷರ ಅಳಿಸಿ ತೋರ್ಸು!"

ಜನ ಹೋ ಎಂದರು. ಹರದೇಶಿಯವನು ಬಿಟ್ಟಾನೆಯೆ? "ಅಕ್ಕಾರು ಇಲ್ಲಿ ಕುಂತಾರ ಖರೆ. ಮನ್ಯಾಗ ಕೂಸಿನ ತೊಟ್ಟಿಲಾ ತೂಗಾವ್ರು ಯಾರು?"

"ಅವರತ್ತಿ ತೂಗ್ತಾಳ. ಅಕಿನೂ ಹೆಣ್ಣ!"

ನಾನು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ಪಕ್ಕದ ಮುದುಕಿ ನನ್ನ ತೊಡೆಯ ಮೇಲೆ ಬಡಿದು "ಭಲೆ ಮಗಳ" ಎಂದಳು. ಈ ಸಲ ಅದು ಹಾಡುವವಳಿಗೆ ಕೇಳಿಸಿತು. ಆಕೆ ಇತ್ತ ಕೈ ಮುಗಿದಳು. ನನ್ನ ಅಜ್ಜಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ಇಲ್ಲಿಯವರೆಗೆ ನಾನು ಧೀರಳು. ಇನ್ನು ಮುಂದಿನದನ್ನೂ ಹೇಳಬೇಕು. ಮೆಚ್ಚಿದವರು ಮೇಳಕ್ಕೆ ದುಡ್ಡು ಕೊಡುವುದು, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳುವುದು ನಮ್ಮ ಕಡೆಯ ರೂಢಿ. ನಾನು ಹತ್ತು ರೂಪಾಯಿಯ ನೋಟು ತೆಗೆದು ಕೊಟ್ಟೆ. ಮೇಳದ ಹುಡುಗ "ಯಾರ ಹೆಸರಿಲೆ ಹೇಳ್ಳಿರಿ?" ಎಂದ. ಒಮ್ಮೆಲೇ ನಾಳೆಯ ಸ್ಟಾಫ್ ರೂಮು ಕಣ್ಣ ಮುಂದೆ ಬಂತು. ನನ್ನ ಬಾಯಿಂದ ಬಂದದ್ದು ನನ್ನವರ ಹೆಸರು. ಮೈಕಿನಲ್ಲಿ ಹೇಳಿದರು. ಒಂದು ಗಳಿಗೆ ತಡೆದು ಆಚೆಯ ಬಂಡೆಯೂ ಅದೇ ಹೆಸರನ್ನು ಹೇಳಿತು. ಆಕೆ ನೋಟನ್ನು ಕಣ್ಣಿಗೊತ್ತಿಕೊಂಡು, ನನ್ನನ್ನೇ ನೋಡುತ್ತ, ನಗುತ್ತಲೇ, "ರೊಕ್ಕ ನಿಮ್ಮದು, ಹೆಸರು ಅವರದೇನ್ರಿ ಅಕ್ಕಾರ?" ಎಂದಳು. ಹರದೇಶಿಯವನು ಆ ರಾತ್ರಿ ಗೆದ್ದದ್ದು ಅದೊಂದು ಸವಾಲು, ಗೆಲ್ಲಿಸಿದವಳು ನಾನು.

ಮರುದಿನ ನಿರೀಕ್ಷಿಸಿದ್ದೆಲ್ಲ ನಡೆಯಿತು. ಹಿರಿಯರೊಬ್ಬರು ಕರೆದು ಶಾಲೆಯ ಘನತೆಯ ಬಗ್ಗೆ ಹೇಳಿದರು. ಪಾಲಕರು ಏನನ್ನುತ್ತಾರೆ ಎಂದರು. "ಪಾಲಕರೆಲ್ಲ ಅಲ್ಲೇ ಇದ್ದರು ಸರ್, ನನ್ನ ಹಿಂದಿನ ಚಾಪೆಯಲ್ಲಿ" ಎಂದೆ. ಅವರು ಚಹಾ ಕುಡಿಯಲು ಹೋದರು. ಆ ಹುಡುಗಿ ನನಗೆ ಏನೂ ಹೇಳಲಿಲ್ಲ. ಅವಳು ಅಂದಿನಿಂದ ನನ್ನ ಪಾಠದಲ್ಲಿ ತಲೆ ಎತ್ತಿ ಕೂಡುತ್ತಿದ್ದಳು. ಮನೆಗೆಲಸವನ್ನು ಮಾತ್ರ ಮೊದಲಿನಂತೆಯೇ ಮಾಡಿ ತರುತ್ತಿರಲಿಲ್ಲ.

ಅಲ್ಲಿಂದ ಈಚೆಗೆ ನಾನು ಹೋಗದ ಕಟ್ಟೆಯಿಲ್ಲ. ಶ್ರಾವಣದ ಭಜನೆ, ಮಠದ ಅಂಗಳದಲ್ಲಿ ಏಕತಾರಿ ಹಿಡಿದ ತತ್ವಪದದವರು, ಲೋಕಾಪುರದ ಕಡೆಯ ಪಾರಿಜಾತ. ಕೌಜಲಗಿ ನಿಂಗಮ್ಮನಂಥವರು ಹೆಸರು ಮಾಡಿದ ಆಟವದು, ಬೆಳತನಕ ಕೂತರೂ ನಿದ್ದೆ ಬರುವುದಿಲ್ಲ. ಇವೆಲ್ಲ ನೂರಿನ್ನೂರು ಜನ ಹಿಡಿಸುವ ಜಾಗಗಳು. ಅಲ್ಲಿ ಹಾಡುವವರಿಗೆ ನಮ್ಮ ಮುಖ ಕಾಣುತ್ತದೆ. ನಾವು ಆಕಳಿಸಿದರೆ ಅವರು ಧಾಟಿ ಬದಲಿಸುತ್ತಾರೆ. ನಾವು ತೂಗಿದರೆ ಅದೇ ನುಡಿಯನ್ನು ಇನ್ನೊಮ್ಮೆ ತರುತ್ತಾರೆ. ಅಂದರೆ ಹಾಡೂ ನಮ್ಮನ್ನು ಕೇಳುತ್ತಿರುತ್ತದೆ. ಮೊಬೈಲಿನಲ್ಲಿ ಅದೇ ಪದ ನೂರು ಸಲ ಬರುತ್ತದೆ, ಆದರೆ ಅದಕ್ಕೆ ನಾವಿದ್ದೇವೆಂದು ಗೊತ್ತಿಲ್ಲ.

2018ರಲ್ಲಿ ಮಗಳು ಬೆಂಗಳೂರಿಗೆ ಕೆಲಸಕ್ಕೆ ಸೇರಿದ್ದಳು. ದೀಪಾವಳಿಯ ರಜೆಗೆ ಹೋದಾಗ, "ಅವ್ವಾ, ಇವತ್ತ ರಾಕ್ ಸಂಗೀತ ಕೇಳಾಕ ಹೋಗೂಣು" ಎಂದಳು. "ರಾಕ್ ಅಂದ್ರ ಬಂಡೆ ಅಲ್ಲೇನ? ನಾ ಬಾದಾಮ್ಯಾಕಿ, ಕಪ್ಪೆ ಅರಭಟ್ಟನ ಕಾಲದಿಂದ ನಮ್ಮಲ್ಲಿ ಬಂಡೀ ಮ್ಯಾಲೇ ಪದ ಅದಾವು" ಎಂದೆ. ಹೋದದ್ದು ಇಂದಿರಾನಗರದ ಒಂದು ಮಹಡಿಯ ಮೇಲಿನ ಸಣ್ಣ ಜಾಗ. ಮುಕ್ಕಾಲು ಕತ್ತಲೆ, ಮುಕ್ಕಾಲು ಜನ ನಿಂತವರು. ಸೀರೆ ಉಟ್ಟವಳು ನಾನೊಬ್ಬಳೇ. ಮಗಳು ಹಿಂದೆ ಗೋಡೆಯ ಹತ್ತಿರ ಕುರ್ಚಿ ತೋರಿಸಿದಳು. "ಮುಂದ ಹೋಗೂಣು" ಎಂದೆ. ಅವಳಿಗೆ ಮುಜುಗರ. ನೋಡಿ, ನಮ್ಮ ಅಪ್ಪನಿಗೆ ಹೆದರುತ್ತಿದ್ದ ನಾನು ಈಗ ಮಗಳಿಗೆ ಹೆದರಬೇಕಾಯಿತು!

ಡ್ರಮ್ಮು ಬಾರಿಸುತ್ತಿದ್ದವಳು ಒಬ್ಬ ಹುಡುಗಿ, ಮಗಳ ವಯಸ್ಸಿನವಳು. ಮೊದಲ ಪೆಟ್ಟಿಗೇ ಎದೆಗೂಡು ನಡುಗಿತು, ಕೆರೆಯ ದಂಡೆಯ ದಪ್ಪು ನೆನಪಾಯಿತು. ಇಂಗ್ಲಿಷಿನ ಎರಡು ಹಾಡು ಅರ್ಥವಾಗಲಿಲ್ಲ. ಮೂರನೆಯದು ಶಿಶುನಾಳ ಶರೀಫರ ಪದ! 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು, ಕೆಲಕಾಲ ನನ್ನಂತೆಯೇ ಸಾಲಿ ಮಾಸ್ತರಿಕೆ ಮಾಡಿದವರು, ಗಿಟಾರಿನ ಮೇಲೆ ಕುಳಿತು ಬಂದಂತಾಯಿತು. ರಘು ದೀಕ್ಷಿತ್ ಅವರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಶರೀಫರ ಪದಗಳನ್ನು ಹೀಗೆ ಹಾಡಿದ್ದಾರೆಂದು ಮಗಳು ಕಿವಿಯಲ್ಲಿ ಕೂಗಿದಳು. ನನಗೆ ಪದ ಬಾಯಿಪಾಠ. ನಾನೂ ದನಿ ಕೂಡಿಸಿದೆ. ಹಾಡುವ ಹುಡುಗ ನನ್ನನ್ನು ಕಂಡು ಅದೇ ನುಡಿಯನ್ನು ಮತ್ತೊಮ್ಮೆ ತಂದ. ಮುಗಿದ ಮೇಲೆ ಡ್ರಮ್ಮಿನ ಹುಡುಗಿ ಬೆವರು ಒರೆಸಿಕೊಳ್ಳುತ್ತ ಇಳಿದುಬಂದು "ಹೇಗಿತ್ತು ಆಂಟೀ?" ಎಂದಳು. ಅವಳ ಅಂಗೈ ಹಿಡಿದು ನೋಡಿದೆ. ಬೊಕ್ಕೆಗಳು. "ಮನೆಯಲ್ಲಿ ಏನಂತಾರ?" ಎಂದೆ. "ಬೈತಾರೆ" ಎಂದು ನಕ್ಕಳು.

ಆ ರಾತ್ರಿ ಮಗಳು ಒಂದು ಕತೆ ಹೇಳಿದಳು. ಅಮೆರಿಕದ ಅರ್ಕನ್ಸಾದಲ್ಲಿ 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟಾ ಥಾರ್ಪ್ ಎಂಬ ಕರಿಯ ಹೆಣ್ಣುಮಗಳು. ಚರ್ಚಿನಲ್ಲಿ ಹಾಡುತ್ತ ಬೆಳೆದವಳು. ಮುಂದೆ ಗಿಟಾರು ಹಿಡಿದು ರಾತ್ರಿಯ ಕ್ಲಬ್ಬುಗಳಲ್ಲೂ ಹಾಡಿದಳೆಂದು ಚರ್ಚಿನ ಮಂದಿ ಮುನಿದರಂತೆ. ರಾಕ್ ಸಂಗೀತಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಅವಳು ಮೊದಲಿನವಳು. 1973ರಲ್ಲಿ ತೀರಿಕೊಂಡಳು. ಅಲ್ಲಿಯ ರಾಕ್ ಸಂಗೀತಗಾರರ ಗೌರವದ ಸಾಲಿಗೆ ಅವಳ ಹೆಸರು ಸೇರಿದ್ದು ಆ ವರ್ಷವೇ, 2018ರಲ್ಲಿ. ನನಗೆ ನಿದ್ದೆ ಬರಲಿಲ್ಲ. ಎಷ್ಟು ದೂರದ ದೇಶ, ಬೇರೆಯ ದೇವರು. ಹಾಡುವವಳಿಗೆ ಕೇಳುವ ಪ್ರಶ್ನೆ ಮಾತ್ರ ಅದೇ: ನೀನು ಎಂಥಾಕಿ?

ಈಗ ನನ್ನ ಆ ವಿದ್ಯಾರ್ಥಿನಿ ಹುಬ್ಬಳ್ಳಿಯಲ್ಲಿ ದಾದಿ. ಅವಳು ಹಾಡುವುದಿಲ್ಲ. ಆಕೆಯ ತಾಯಿಗೆ ಎಪ್ಪತ್ತು ದಾಟಿದೆ, ಕೊರಳು ಹೋಗಿದೆ. ಸರಕಾರ ಕೊಡುವ ಕಲಾವಿದರ ಮಾಸಾಶನ ಬರುತ್ತದೆ. ಮೇಳಗಳೂ ಕಡಿಮೆಯಾಗಿವೆ, ಡಿ.ಜೆ. ಪೆಟ್ಟಿಗೆಗಳ ಮುಂದೆ ತುಂತುಣಿಯ ಒಂದು ತಂತಿ ಏನು ಮಾಡೀತು? ಆದರೂ ಹೋದ ಶ್ರಾವಣದಲ್ಲಿ ಅದೇ ಗುಡಿಕಟ್ಟೆಗೆ ಎರಡು ಮೇಳ ಬಂದವು. ಮುಂದಿನ ಚಾಪೆಯಲ್ಲಿ ನಾನೂ ಆಕೆಯೂ ಮಗ್ಗುಲಲ್ಲಿ ಕುಳಿತೆವು. ನಮ್ಮ ಹಿಂದೆ ಎಣಿಸಿದರೆ ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು. ನಾಗೇಶಿ ಹಾಡುತ್ತಿದ್ದವಳು ಸಣ್ಣ ಪ್ರಾಯದವಳು. ಒಂದು ಕಡೆ ತಡವರಿಸಿದಾಗ ಈಕೆ ನನ್ನ ಮೊಳಕಾಲಿನ ಮೇಲೆ ತಾಳ ಬಡಿಯುತ್ತ ಮುಂದಿನ ನುಡಿಯನ್ನು ತುಟಿಯಲ್ಲೇ ಆಡಿ ತೋರಿಸಿದಳು. ಹುಡುಗಿ ಹಿಡಿದುಕೊಂಡಳು.

ನಾನು ನೂರು ರೂಪಾಯಿ ತೆಗೆದು ಕೊಟ್ಟೆ. ಮೇಳದ ಹುಡುಗ ಬಗ್ಗಿ, "ಯಾರ ಹೆಸರಿಲೆ ಹೇಳ್ಳಿರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಮೊಳಕೈಯ ಒಂದು ತಿವಿತ ಬಂತು. ಇಪ್ಪತ್ತೆಂಟು ವರ್ಷವಾದರೂ ಮರೆತಿಲ್ಲ ಮುದುಕಿ!

ನನ್ನ ಹೆಸರು ಹೇಳಿದೆ. ಮೈಕಿನಲ್ಲಿ ಬಂತು. ಒಂದು ಗಳಿಗೆ ತಡೆದು, ಕೆರೆಯ ಆಚೆಯಿಂದ ಬಂಡೆಯೂ ಒಮ್ಮೆ ಹೇಳಿತು.